ಬೀಗದ ಕೈ ಹೊತ್ತು ಯಶವಂತಪುರಕ್ಕೆ

ಕಾಶಿಗೆ, ಬದರಿಗೆ ಹೋಗಿಬಂದವರು ಪ್ರವಾಸ ಕಥನ ಬರೆಯುತ್ತಾರೆ. ನಾನು ಹೋಗಿಬಂದದ್ದು ಯಶವಂತಪುರಕ್ಕೆ. ಹುಣಸಮಾರನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮ ಊರಿನಿಂದ ಅಲ್ಲಿಗೆ ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರು. ಹೋಗುವುದಕ್ಕೆ ಮೂರು ಗಂಟೆ ಹಿಡಿಯಿತು, ಬರುವುದಕ್ಕೆ ಎರಡೂವರೆ. ನಡುವೆ ಒಂದು ದಿನದ ತರಬೇತಿ. ಐವತ್ತಾರು ವರ್ಷದ ನನ್ನ ಮಂಡಿಗಳಿಗೆ ಇದೂ ಯಾತ್ರೆಯೇ.

ಜುಲೈ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಏಳೂಕಾಲಿಗೆ ಮನೆ ಬಿಟ್ಟೆ. ಆಷಾಢದ ಗಾಳಿ, ಕೊಡೆ ಬಿಚ್ಚಿದರೆ ಮಗುಚಿಕೊಳ್ಳುತ್ತಿತ್ತು. ಜೊತೆಗೆ ಸೋನೆ. ಶೇರ್ ಆಟೋಗೆ ಇಪ್ಪತ್ತು ರೂಪಾಯಿ ಕೊಟ್ಟು ಹುಣಸಮಾರನಹಳ್ಳಿಗೆ ಬಂದು, ವಿಮಾನ ನಿಲ್ದಾಣದ ಟ್ಯಾಕ್ಸಿಗಳು ಎರಚುವ ಕೆಸರಿನಿಂದ ಸೀರೆ ಕಾಪಾಡಿಕೊಳ್ಳುತ್ತಾ ಅರ್ಧ ಗಂಟೆ ನಿಂತೆ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಟಿಕೆಟ್ ಬಿಟ್ಟಿ, ಸೀಟಿಗೆ ಮಾತ್ರ ಅವರವರ ಅದೃಷ್ಟ.

ತರಬೇತಿ ನಮ್ಮಂಥ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರಿಗೆ. ಒಂದನೇ ತರಗತಿಗೂ ಮುಂಚಿನ ಪುಟ್ಟ ಮಕ್ಕಳ ಕಲಿಕೆಗೆ ನಾವು ಹೇಗೆ ಬೆಂಬಲವಾಗಿ ನಿಲ್ಲಬೇಕು ಎಂಬುದು ವಿಷಯ. ನನ್ನ ಸರ್ವೀಸಿನಲ್ಲಿ ಕಂಪ್ಯೂಟರಿನಿಂದ ಹಿಡಿದು ಕೈ ತೊಳೆಯುವುದರವರೆಗೆ ಎಲ್ಲಕ್ಕೂ ತರಬೇತಿಯಾಗಿದೆ. ಹೋಗುತ್ತೇನೆ, ಸಹಿ ಹಾಕುತ್ತೇನೆ, ಪಲಾವ್ ತಿನ್ನುತ್ತೇನೆ, ಬರುತ್ತೇನೆ. ಈ ಸಲವೂ ಅಷ್ಟೇ ಅಂದುಕೊಂಡಿದ್ದೆ. ಕೈಚೀಲದಲ್ಲಿ ನೀರು, ಮಂಡಿಗೆ ಹಚ್ಚುವ ಮುಲಾಮು, ಒಂದು ಪಟ್ಟಿ. ಪಟ್ಟಿಯಲ್ಲಿ ಆರು ಮಕ್ಕಳ ಹೆಸರು.

ಆ ಪಟ್ಟಿಯ ಬಗ್ಗೆ ಈಗಲೇ ಹೇಳಿಬಿಡಬೇಕು. ನಮ್ಮ ಶಾಲೆಗೆ ಈ ಜೂನ್‌ನಲ್ಲಿ ಎಲ್‌ಕೆಜಿ ಬಂತು. ಅತಿಥಿ ಶಿಕ್ಷಕಿಯಾಗಿ ಯಲಹಂಕದಿಂದ ಆಶಾ ಬಂದಳು. ಮಕ್ಕಳು ಬೇಕಲ್ಲ? ನಮ್ಮ ಕಾಂಪೌಂಡಿನೊಳಗೇ, ಹೊಂಗೆ ಮರದ ಆಚೆ, ಅಂಗನವಾಡಿ ಇದೆ. ದಾಖಲಾತಿ ಜಾಥಾ ಅಂತ ಬ್ಯಾನರ್ ಹಿಡಿದು, ತಮಟೆ ಬಾರಿಸಿಕೊಂಡು ಹೋಗಿ, ಅಲ್ಲಿದ್ದ ಇಪ್ಪತ್ತು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳ ಕೈಗೆ ಗುಲಾಬಿ, ಚಾಕೊಲೇಟು ಕೊಟ್ಟು ಮೆರವಣಿಗೆಯಲ್ಲಿ ಕರೆತಂದೆ. ಅಂಗನವಾಡಿ ಕಾರ್ಯಕರ್ತೆ ನಾರಾಯಣಮ್ಮ ಬಾಗಿಲಲ್ಲಿ ನಿಂತು ನೋಡಿದರು. ಹನ್ನೊಂದು ವರ್ಷ ದಿನಾ ಹನ್ನೊಂದು ಗಂಟೆಗೆ ಒಟ್ಟಿಗೆ ಕಾಫಿ ಕುಡಿದವರು ನಾವಿಬ್ಬರೂ. ಅವತ್ತಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ನಾನೂ ಮೇಲೆ ಬಿದ್ದು ಮಾತಾಡಿಸಲಿಲ್ಲ.

ಇಪ್ಪತ್ತು ಮಕ್ಕಳಾದರೆ ಎಲ್‌ಕೆಜಿಗೆ ಒಬ್ಬ ಆಯಾ ಕೊಡುತ್ತೇವೆ ಎಂದು ಮೇಲಿನವರು ಹೇಳಿದ್ದರು. ಹದಿನಾಲ್ಕು ಮಕ್ಕಳ ಮೂಗು, ಮೂತ್ರ, ಅಳು ಎಲ್ಲಾ ಆಶಾ ಒಬ್ಬಳದೇ. ಉಳಿದ ಆರು ಮಕ್ಕಳೂ ಬಂದರೆ ಲೆಕ್ಕ ಸರಿಹೋಗುತ್ತಿತ್ತು. ಅವರೂ ಬಂದುಬಿಟ್ಟರೆ ಅಂಗನವಾಡಿಯನ್ನು ಪಕ್ಕದ ಊರಿನದಕ್ಕೆ ಸೇರಿಸುತ್ತಾರೆ, ಇಪ್ಪತ್ತನಾಲ್ಕು ವರ್ಷ ಅದೇ ಕೋಣೆಯಲ್ಲಿ ಕೂತ ನಾರಾಯಣಮ್ಮ ಅಲ್ಲಿಗೆ ಎಡತಾಕಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ತರಬೇತಿಯಲ್ಲಿ ಸಂಯೋಜಕರಿಗೆ ಒಪ್ಪಿಸಲೆಂದು ಆ ಆರು ಹೆಸರಿನ ಪಟ್ಟಿ ಬರೆದಿದ್ದೆ.

ಕೋಗಿಲು ಕ್ರಾಸಿನಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲಿ ಅಲ್ಲಾಳಸಂದ್ರದ ಹಳೇ ಮನೆತನದ ಅಜ್ಜಿಯೊಬ್ಬರು, ಆರ್.ಟಿ. ನಗರದ ಮಗಳ ಮನೆಗೆ ಹೊರಟವರು. ಕಿಟಕಿಯಾಚೆ ಹದಿನಾಲ್ಕು ಅಂತಸ್ತಿನ ಕಟ್ಟಡವನ್ನು ತೋರಿಸಿ, ಅಲ್ಲಿ ತಾವು ಅವರೆಕಾಯಿ ಕುಯ್ಯುತ್ತಿದ್ದುದನ್ನು ಹೇಳಿದರು. ನಾನು ಮೇಷ್ಟ್ರಮ್ಮ ಎಂದು ತಿಳಿದ ಮೇಲೆ ಮೊಮ್ಮಗಳ ಸುದ್ದಿ ತೆಗೆದರು. ನಾಲ್ಕು ವರ್ಷಕ್ಕೇ ನೂರರವರೆಗೆ ಬರೆಯುತ್ತಾಳಂತೆ, ಭಾರೀ ಸ್ಕೂಲಂತೆ. "ಬರೆಯೋದೇನೋ ಬರೀತಾಳೆ ಕಣಮ್ಮ. ಬೆಳಗಾದ್ರೆ ವ್ಯಾನು ಬಂತು ಅಂದ್ರೆ ಮಂಚದ್ ಕೆಳೀಕ್ ಓಗಿ ಸೇರ್ಕೊತಾಳೆ" ಎಂದರು. ನಾನು ಹ್ಞೂಂಗುಟ್ಟಿದೆ.

ಎಸ್ಟೀಮ್ ಮಾಲ್ ದಾಟಿ ಹೆಬ್ಬಾಳದ ಮೇಲ್ಸೇತುವೆಗೆ ಮುಂಚೆ ಬಸ್ಸು ನಿಂತಿತು. ಮೆಟ್ರೋ ಕಾಮಗಾರಿ, ಮಳೆ, ಎರಡೂ ಸೇರಿ ಇಪ್ಪತ್ತು ನಿಮಿಷ ಗಾಡಿ ಅಲ್ಲಾಡಲಿಲ್ಲ. ಒಂಬತ್ತೂ ಹತ್ತಕ್ಕೆ ಆಶಾಳ ಫೋನು ಬಂತು. ಎಲ್‌ಕೆಜಿ ಕೋಣೆಯ ಬೀಗದ ಕೈ ಎಲ್ಲಿಟ್ಟಿದ್ದೀರಿ ಅಂತ ಕೇಳಿದಳು.

ಕೈಚೀಲಕ್ಕೆ ಕೈ ಹಾಕಿದೆ. ಗೊಂಚಲು ಅಲ್ಲೇ ಇತ್ತು. ಕಚೇರಿ ಮತ್ತು ಎರಡು ತರಗತಿಗಳ ಬೀಗದ ಕೈಯನ್ನು ಹಿಂದಿನ ದಿನವೇ ಸಹ ಶಿಕ್ಷಕ ನಾಗರಾಜ್ ಮೇಷ್ಟ್ರಿಗೆ ಒಪ್ಪಿಸಿದ್ದೆ. ಎಲ್‌ಕೆಜಿ ಕೋಣೆಯ ವಿಷಯ ಬೇರೆ. ಮಕ್ಕಳಿಗೆಂದು ಸರ್ಕಾರ ಕಳಿಸಿದ ಆಟದ ಸಾಮಾನಿನ ಪೆಟ್ಟಿಗೆ ಅಲ್ಲಿದೆ, ಕಳೆದರೆ ಜವಾಬು ಹೇಳಬೇಕಾದವಳು ನಾನು. ಅದಕ್ಕೇ ಹೊಸ ಬೀಗ ಹಾಕಿಸಿದ್ದೆ. ಬೀಗದ ಜೊತೆ ಎರಡು ಕೈ ಬಂದಿದ್ದವು. ಒಂದು ಕಳೆದರೆ ಇನ್ನೊಂದಿರಲಿ ಎಂದು ಎರಡನ್ನೂ ಒಂದೇ ಗೊಂಚಲಿಗೆ ಸೇರಿಸಿದ್ದೆ. ಮೂವತ್ತು ವರ್ಷ ಸರ್ವೀಸು ಮಾಡಿದವರಿಗೆ ಮಾತ್ರ ಹೊಳೆಯುವ ಜಾಣತನ ಇದು.

ಕೋಣೆಯ ಹಿಂದಿನ ಪುಟ್ಟ ಮಕ್ಕಳ ಶೌಚಾಲಯಕ್ಕೂ ಒಳಗಿನಿಂದಲೇ ದಾರಿ. ಜಗಲಿಯ ಮೇಲೆ ಎರಚಲು ಹೊಡೆಯುತ್ತಿದೆ, ಹದಿನಾಲ್ಕೂ ಮಕ್ಕಳು ನಿಂತಿದ್ದಾರೆ, ನಾಗರಾಜ್ ಮೇಷ್ಟ್ರ ಕೋಣೆಗಳಲ್ಲಿ ಒಂದು ಮಣೆ ಹಾಕುವಷ್ಟೂ ಜಾಗವಿಲ್ಲ ಎಂದು ಆಶಾ ಹೇಳಿದಳು. "ಬೈಕ್ ಪಾರ್ಸಲ್ ಆಪ್ ಇದೆ ಮೇಡಂ, ಅದ್ರಲ್ಲಿ ಕಳಿಸ್ಬಿಡಿ, ಒಂದ್ ಗಂಟೇಲಿ ಬರುತ್ತೆ" ಎಂದಳು. ಗುರುತು ಪರಿಚಯ ಇಲ್ಲದವನ ಕೈಗೆ ಶಾಲೆಯ ಬೀಗದ ಕೈ ಕೊಡುವುದು ನನ್ನಿಂದಾಗುವ ಮಾತಲ್ಲ ಎಂದೆ. ಬೀಗ ಒಡೆಸುವ ಮಾತನ್ನು ಅವಳು ಆಡಲಿಲ್ಲ. ನನ್ನನ್ನು ಬಲ್ಲವಳು. ಏನಾದರೂ ಹೊಂದಿಸಿಕೋ ಎಂದು ಹೇಳಿ ಫೋನಿಟ್ಟೆ. ಇಟ್ಟ ಮೇಲೆ ನಾಚಿಕೆಯಾಯಿತು. ಹದಿನಾಲ್ಕು ಮಕ್ಕಳನ್ನು ಮಳೆಯಲ್ಲಿ ಏನೆಂದು ಹೊಂದಿಸಿಕೊಳ್ಳುತ್ತಾಳೆ?

ಹೆಬ್ಬಾಳದಲ್ಲಿ ಇಳಿದು, ದೇವನಹಳ್ಳಿ ಕಡೆ ಹೋಗುವ ಬಸ್ಸೊಂದರ ಕಂಡಕ್ಟರನ್ನು ಕೇಳಿಕೊಂಡೆ. ಹುಣಸಮಾರನಹಳ್ಳಿ ಸ್ಟಾಪಿನಲ್ಲಿ ನಮ್ಮವರು ನಿಂತಿರುತ್ತಾರೆ, ಇದನ್ನು ಕೊಟ್ಟುಬಿಡಿ ಎಂದೆ. ಆತ ಗೊಂಚಲನ್ನೂ ನನ್ನನ್ನೂ ನೋಡಿದ. "ಮುಂಚೆ ಆಗಿದ್ರೆ ತಗೊಂಡೋಗ್ತಿದ್ದೆ ಮೇಡಂ. ಈಗ ಬಸ್ಸೊಳಗೂ ಕ್ಯಾಮೆರಾ ಇಟ್ಟವ್ರೆ" ಎಂದು ಸೀಟಿ ಊದಿದ. ವಾಪಸು ಹೋಗೋಣವೇ ಎಂದು ಮೇಲ್ಸೇತುವೆಯ ಕೆಳಗೆ ನಿಂತು ಯೋಚಿಸಿದೆ. ಗೈರಾದರೆ ನೋಟಿಸ್ ಬರುತ್ತದೆ, ಪಟ್ಟಿ ಕೊಡಲು ಇವತ್ತೇ ಕೊನೆ. ಹೊರವರ್ತುಲ ರಸ್ತೆಯ ಬಸ್ಸು ಬಂತು, ಹತ್ತಿದೆ. ಬಿಇಎಲ್ ವೃತ್ತ, ಗೊರಗುಂಟೆಪಾಳ್ಯ, ಯಶವಂತಪುರ. ದಾರಿಯುದ್ದಕ್ಕೂ ಚೀಲದಲ್ಲಿ ಗೊಂಚಲು ಸದ್ದು ಮಾಡುತ್ತಿತ್ತು.

ಮಾರುಕಟ್ಟೆ ಯಾರ್ಡಿನ ಈರುಳ್ಳಿ ಘಾಟು ಕುಡಿಯುತ್ತಾ ಹತ್ತು ನಿಮಿಷ ನಡೆದು, ಹತ್ತೂಕಾಲಿಗೆ ಹಳೆಯ ಶಾಲೆಯೊಂದರ ಸಭಾಂಗಣ ಸೇರಿದೆ. ಬಾಗಿಲಲ್ಲೇ ಸಂಯೋಜಕರು ಸಹಿ ಹಾಕಿಸಿಕೊಂಡು ಪಟ್ಟಿ ತೆಗೆದುಕೊಂಡರು. ಮೂವತ್ತು ಜನ ಮುಖ್ಯ ಶಿಕ್ಷಕರು, ಹಿಂದಿನ ಸಾಲಿನಲ್ಲಿ ಅಂಗನವಾಡಿ ಮೇಲ್ವಿಚಾರಕಿಯರು ಇಬ್ಬರು. ಹಸಿರು ಶಾಲು ಹೊದ್ದಿದ್ದವರು ನಮ್ಮ ವೃತ್ತದವರು, ನಾರಾಯಣಮ್ಮನ ಮೇಲಿನವರು. ನಮಸ್ಕಾರ ಮಾಡಿದೆ, ಅವರೂ ಮಾಡಿದರು.

ತರಬೇತಿ ಕೊಡಲು ಬಂದಿದ್ದ ಸುಮಾ ಎಂಬಾಕೆ ಮೂವತ್ತೈದರ ಆಸುಪಾಸಿನವರು, ಮೈಕು ಹಿಡಿಯದೆ ಮೆತ್ತಗೆ ಮಾತಾಡುವವರು. ಕುರ್ಚಿಗಳನ್ನು ಬದಿಗೆ ಸರಿಸಿ ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿದರು. ಮಂಡಿ ಮಡಚಲಾಗದವರೆಲ್ಲ ಗೋಡೆಗೆ ಒರಗಿಕೊಂಡೆವು. ಆಮೇಲೆ ನಾಲ್ಕೈದು ಜನಕ್ಕೊಂದರಂತೆ ಪೆಟ್ಟಿಗೆ ಕೊಟ್ಟರು. ಮರದ ತುಂಡು, ಮಣಿ, ದಾರ, ಬಟ್ಟೆಯ ಗೊಂಬೆ. ಇಪ್ಪತ್ತು ನಿಮಿಷ ನಿಮಗೆ ತೋಚಿದಂತೆ ಆಡಿ ಎಂದರು. ನಮಗೆ ತೋಚಿದ್ದು ನೋಡಿ. ಸಾಮಾನುಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿದೆವು, ಎಣಿಸಿದೆವು, ಮತ್ತೆ ಪೆಟ್ಟಿಗೆಯೊಳಗೆ ಅಚ್ಚುಕಟ್ಟಾಗಿ ಇಟ್ಟು ಮುಚ್ಚಳ ಹಾಕಿದೆವು. ಆರು ನಿಮಿಷಕ್ಕೆ ಆಟ ಮುಗಿಯಿತು. ಆರ್.ಟಿ. ನಗರದ ಕಡೆಯ ರಂಗಸ್ವಾಮಿ ಎಂಬ ಮೇಷ್ಟ್ರು, ಎರಡು ಮಣಿ ಕಡಿಮೆ ಇವೆ, ಬರೆದುಕೊಳ್ಳಿ ಎಂದು ಗಂಭೀರವಾಗಿ ಹೇಳಿದರು.

ಸುಮಾ ನಗಲಿಲ್ಲ. ಇದೇ ಪೆಟ್ಟಿಗೆ ನಿಮ್ಮ ನಿಮ್ಮ ಶಾಲೆಗೂ ಬಂದಿದೆಯಲ್ಲ, ಈಗ ಎಲ್ಲಿದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಬೀರುವಿನಲ್ಲಿ, ಬೀರುವಿನ ಮೇಲೆ, ಕಚೇರಿಯಲ್ಲಿ, ಸೀಲು ಒಡೆದಿಲ್ಲ. ನನ್ನ ಸರದಿ ಬಂದಾಗ, ಕೋಣೆಯಲ್ಲೇ ಇದೆ ಎಂದೆ. ಸುಳ್ಳಲ್ಲ. ಕೋಣೆಯ ಬೀಗದ ಕೈ ಮಾತ್ರ ನನ್ನ ತೊಡೆಯ ಪಕ್ಕದಲ್ಲಿತ್ತು.

ಹನ್ನೊಂದರ ಚಹಾಕ್ಕೆ ಬಿಟ್ಟಾಗ ಆಶಾಗೆ ಫೋನು ಮಾಡಿದೆ. ನಡೆದದ್ದು ಇಷ್ಟು. ಅವಳು ಕೊಡೆ ಹುಡುಕುತ್ತಿದ್ದಾಗ ಚೈತ್ರಾ ಎಂಬ ಪುಟ್ಟ ಹುಡುಗಿ ಜಗಲಿ ಇಳಿದು, ಹೊಂಗೆ ಮರ ದಾಟಿ ಸೀದಾ ಅಂಗನವಾಡಿಗೆ ನಡೆದಳಂತೆ. ಅವಳ ಹಿಂದೆ ಉಳಿದ ಹದಿಮೂರೂ ಮಕ್ಕಳು. "ನಾನು ಕರೀತಾನೇ ಇದ್ದೆ ಮೇಡಂ, ಒಬ್ರೂ ತಿರುಗಿ ನೋಡ್ಲಿಲ್ಲ" ಎಂದಳು. ನಾರಾಯಣಮ್ಮ ಏನಂದರು ಎಂದು ಕೇಳಿದೆ. ಎರಡನೇ ಚಾಪೆ ಬಿಡಿಸಿದರಂತೆ, ಒದ್ದೆ ತಲೆಗಳನ್ನು ಸೆರಗಿನಲ್ಲಿ ಒರೆಸಿದರಂತೆ.

ಆಮೇಲೆ ಒಂದು ಫೋಟೋ ಕಳಿಸಿದಳು. ಅಂಗನವಾಡಿಯ ಗೋಡೆಯ ಬುಡದಲ್ಲಿ ಮಕ್ಕಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ತಲೆಯ ಮೇಲೂ ಗೋಡೆಯಲ್ಲಿ ಒಂದೊಂದು ಚಿತ್ರ: ಗಿಳಿ, ಮಾವಿನಕಾಯಿ, ಬಕೆಟ್ಟು, ಬಸ್ಸು. ಅಕ್ಷರ ಬಾರದ ಮಕ್ಕಳಿಗೆ ತಮ್ಮ ಜಾಗ ಗೊತ್ತಾಗಲೆಂದು ನಾರಾಯಣಮ್ಮ ಬರೆದಿದ್ದ ಚಿತ್ರಗಳು. ಮಕ್ಕಳು ಹೋಗಿ ಒಂದೂವರೆ ತಿಂಗಳಾದರೂ ಅವನ್ನು ಒರೆಸಿರಲಿಲ್ಲ. ಹದಿನಾಲ್ಕು ಮಕ್ಕಳೂ ತಮ್ಮ ತಮ್ಮ ಚಿತ್ರದ ಕೆಳಗೆ ಹೋಗಿ ಕೂತಿದ್ದವು. ಚಹಾ ಕೈಯಲ್ಲೇ ಆರಿತು.

ಚಹಾ ಆದ ಮೇಲೆ ಸುಮಾ, ನಿಮ್ಮಲ್ಲಿ ಪುಟ್ಟ ಮಕ್ಕಳಿಗೆ ಶಾಲೆ ತಮ್ಮದೆನಿಸುವಂಥ ಒಂದು ಕೆಲಸ ಏನಾಗುತ್ತಿದೆ ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ರಂಗಸ್ವಾಮಿ ಮೇಷ್ಟ್ರು ನನ್ನ ಫೋನಿನ ಕಡೆ ಬಗ್ಗಿ, "ಮೇಡಮ್ಮೋರತ್ರ ಚೆನ್ನಾಗಿರೋದೊಂದು ಐತೆ" ಎಂದುಬಿಟ್ಟರು. ಸುಮಾ ಬಂದು ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. ನಿಮ್ಮ ಎಲ್‌ಕೆಜಿ ಮಕ್ಕಳೇ ಎಂದರು. ಹೌದು ಎಂದೆ. ಮಕ್ಕಳು ನನ್ನವೇ ಅಲ್ಲವೇ? ಚಿತ್ರಗಳನ್ನು ನೀವೇ ಹಂಚಿಕೊಡುತ್ತೀರೋ, ಮಕ್ಕಳು ಆರಿಸಿಕೊಳ್ಳುತ್ತಾರೋ ಎಂದು ಮತ್ತೆ ಕೇಳಿದರು. ಹೇಳಬಹುದಿತ್ತು, ಆ ಕ್ಷಣದಲ್ಲಿ ಇನ್ನೂ ಹೇಳಬಹುದಿತ್ತು. "ನಾವೇ ಕೊಡ್ತೀವಿ" ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಯೋಜಕರು ಫೋಟೋ ಕೇಳಿ ಪಡೆದು, ನಮ್ಮ ಶಾಲೆಯ ಹೆಸರು ಬರೆದು, ಮುಖ್ಯ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಹಸಿರು ಶಾಲಿನ ಮೇಲ್ವಿಚಾರಕಿ ಚಪ್ಪಾಳೆ ತಟ್ಟಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮಧ್ಯಾಹ್ನ ಪಲಾವ್, ಮೊಸರನ್ನ, ಬಾಳೆಹಣ್ಣು. ರುಚಿ ಹತ್ತಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಮಕ್ಕಳಿಗೆ ಹೇಳಿದ್ದೆಲ್ಲ, ನೋಡಿ ಬರೆಯಬೇಡ, ಪಕ್ಕದವರದ್ದನ್ನು ನಿನ್ನದೆನ್ನಬೇಡ ಎಂದು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಮಧ್ಯಾಹ್ನ ಸುಮಾ ಹೇಳಿದ ಒಂದು ಮಾತು ಮಾತ್ರ ನೆನಪಿದೆ. ಪುಟ್ಟ ಮಗುವನ್ನು ಎರಡು ಹೆಂಗಸರು ಎರಡು ಕಡೆಯಿಂದ ಎಳೆದರೆ ಮಗುವಿಗೆ ಕಲಿಕೆಯೂ ಇಲ್ಲ, ಊಟವೂ ಸೇರುವುದಿಲ್ಲ ಎಂದರು. ನನ್ನನ್ನು ಕುರಿತು ಹೇಳಿದ್ದಲ್ಲ, ಎಲ್ಲ ಕಡೆ ಹೇಳುವ ಮಾತೇ ಇರಬೇಕು.

ಮೂರೂವರೆಗೆ ಬಿಟ್ಟರು. ಸಂಯೋಜಕರ ಮೇಜಿಗೆ ಹೋಗಿ ನನ್ನ ಪಟ್ಟಿ ವಾಪಸು ಬೇಕೆಂದೆ. ಅವರಿಗೆ ಅರ್ಥವಾಗಲಿಲ್ಲ. "ಇದ್ ಕೊಡದಿದ್ರೆ ಆಯಾ ಬರಲ್ಲ ಮೇಡಂ. ಆಮೇಲೆ ನಮ್ಮನ್ನ ಕೇಳ್ಬೇಡಿ" ಎಂದರು. ಕೇಳುವುದಿಲ್ಲ ಎಂದು ಬರೆದು ಸಹಿ ಮಾಡಿ ಪಟ್ಟಿ ತೆಗೆದುಕೊಂಡೆ. ಸುಮಾ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕಳಿಸಿಕೊಡುತ್ತಿದ್ದರು. ಅವರಿಗೆ ನಿಜ ಹೇಳಬೇಕೆಂದು ಹತ್ತಿರ ಹೋದೆ. ಅವರು ಕೈ ಹಿಡಿದುಕೊಂಡು, ನಿಮ್ಮ ಶಾಲೆಗೆ ಒಮ್ಮೆ ಬರುತ್ತೇನೆ ಎಂದರು. ಬನ್ನಿ ಎಂದು ಬಂದುಬಿಟ್ಟೆ.

ವಾಪಸು ಬರುವಾಗ ಗೊರಗುಂಟೆಪಾಳ್ಯದಿಂದ ಹೆಬ್ಬಾಳದವರೆಗೆ ನಿಂತೇ ಬಂದೆ. ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತು ಫೋನು ತೆಗೆದೆ. ಗುಂಪಿನಲ್ಲಿ ಆ ಫೋಟೋದ ಕೆಳಗೆ ಹೂವು, ಹೆಬ್ಬೆರಳುಗಳ ಸಾಲು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊಡಿಗೇಹಳ್ಳಿ ಗೇಟು ಹೋಯಿತು, ಸಹಕಾರನಗರದ ತಿರುವು ಹೋಯಿತು, ಜಕ್ಕೂರು ಹೋಯಿತು. ಅಲ್ಲಾಳಸಂದ್ರದ ಕೆರೆಯ ಬಳಿ ಕಳಿಸಿದೆ: ಈ ಚಿತ್ರಗಳು ನಮ್ಮ ಶಾಲೆಯವಲ್ಲ, ಅಂಗನವಾಡಿಯವು, ಬರೆದವರು ನಾರಾಯಣಮ್ಮ, ನಾನು ಸಭೆಯಲ್ಲಿ ಹೇಳಿದ್ದು ತಪ್ಪು. ಆಮೇಲೆ ಫೋನನ್ನು ಚೀಲದ ತಳಕ್ಕೆ ಹಾಕಿದೆ. ಚೀಲದಲ್ಲಿ ಅದು ಹಲವು ಸಲ ಅದುರಿತು, ತೆಗೆದು ನೋಡಲಿಲ್ಲ. ಉಳಿದ ದಾರಿಯಲ್ಲಿ ಗೊಂಚಲಿನ ಬಳೆಯಿಂದ ಒಂದು ಕೈ ಬಿಡಿಸಲು ಹೆಣಗಿದೆ. ಹುಣಸಮಾರನಹಳ್ಳಿ ಬರುವಷ್ಟರಲ್ಲಿ ಉಗುರು ಮುರಿದಿತ್ತು, ಬೀಗದ ಕೈ ಬಿಟ್ಟಿತ್ತು.

ಆರು ಗಂಟೆಗೆ ಊರು ಸೇರಿದಾಗ ಇನ್ನೂ ಬೆಳಕಿತ್ತು. ಶಾಲೆ ಮುಚ್ಚಿತ್ತು. ಅಂಗನವಾಡಿ ನಾಲ್ಕಕ್ಕೇ ಮುಚ್ಚಬೇಕು, ಆದರೆ ಬಾಗಿಲು ತೆರೆದಿತ್ತು. ಚೈತ್ರಾಳ ಅಮ್ಮ ಅಪಾರ್ಟ್‌ಮೆಂಟಿನ ಮನೆಗೆಲಸದಿಂದ ಇನ್ನೂ ಬಂದಿರಲಿಲ್ಲ. ಆಶಾ ಕಾದು ಕಾದು, ಯಲಹಂಕದ ಬಸ್ಸು ತಪ್ಪುತ್ತದೆಂದು ಮಗುವನ್ನು ನಾರಾಯಣಮ್ಮನಿಗೆ ಒಪ್ಪಿಸಿ ಹೋಗಿದ್ದಳು. ಮಗು ಗೋಡೆಗೆ ಒರಗಿ ನಿದ್ದೆ ಹೋಗಿತ್ತು. ಅದರ ತಲೆಯ ಮೇಲೆ ಹಳದಿ ಬಣ್ಣದ ಜೆಸಿಬಿ.

ನಾನು ಹೊಸಲಿನಾಚೆ ನಿಂತು ಬೀಗದ ಕೈ ಮುಂದೆ ಹಿಡಿದೆ. ನಾರಾಯಣಮ್ಮ ತೆಗೆದುಕೊಳ್ಳಲಿಲ್ಲ. ಅಕ್ಕಿ ಡಬ್ಬದ ಮುಚ್ಚಳ ಹಾಕುತ್ತಾ, ನನ್ನನ್ನು ನೋಡದೆ ಮಾತಾಡಿದರು.

"ಚಿತ್ರ ನಾವ್ ಕೊಡಲ್ಲ ಮೇಡಂ. ಮಕ್ಳೇ ಕೇಳ್ತವೆ. ಈ ಉಡ್ಗಿ ಜೆಸಿಬಿನೇ ಬೇಕು ಅಂತ ಮೂರ್ ದಿನ ಅತ್ತಳು. ನಂಗ್ ಬರೆಯಾಕ್ ಬರ್ತಿರ್ಲಿಲ್ಲ. ರೋಡ್ ಕೆಲ್ಸದತ್ರ ಓಗಿ ನಿಂತು ನೋಡ್ಕೊಂಡ್ ಬಂದು ಬರ್ದೆ." ಡಬ್ಬವನ್ನು ಮೂಲೆಗೆ ಸರಿಸಿ ಹೇಳಿದರು, "ನಾವೇ ಕೊಡ್ತೀವಿ ಅಂತ ಏಳಿದ್ರಂತೆ."

ಹಸಿರು ಶಾಲಿನವರು ಮಧ್ಯಾಹ್ನವೇ ಫೋನು ಮಾಡಿದ್ದರು. ಅಲ್ಲಾಳಸಂದ್ರದಿಂದ ಕಳಿಸಿದ ನನ್ನ ಸಂದೇಶ ಮುಖ್ಯ ಶಿಕ್ಷಕರ ಗುಂಪಿನದು, ಅದು ಇವರನ್ನು ಮುಟ್ಟುವಂತಿರಲಿಲ್ಲ. ಅದರ ಬಗ್ಗೆ ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. "ತಪ್ಪಾಯ್ತು ನಾರಾಯಣಮ್ಮ" ಎಂದೆ. ಒಂದೂವರೆ ತಿಂಗಳಲ್ಲಿ ನಾನು ಅವರೊಡನೆ ಆಡಿದ ಮೊದಲ ಮಾತು.

ಚೀಲದಿಂದ ಪಟ್ಟಿ ತೆಗೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ಆರೂ ಹೆಸರು ಓದಿದರು. ಪಟ್ಟಿ ಕೊಟ್ಟಿಲ್ಲವೇ ಎಂದು ಕೇಳಿದರು. ಕೊಟ್ಟು ವಾಪಸು ತಂದೆ ಎಂದೆ. ಹಾಗಾದರೆ ಆಯಾ ಎಂದರು. ಬರುವುದಿಲ್ಲ ಎಂದೆ. ನನ್ನ ಕಾಲು ನೋಯುತ್ತಿತ್ತು, ಅವರು ಕೂರಿ ಅನ್ನಲಿಲ್ಲ, ನಾನು ಹೊಸಲಿನ ಮೇಲೇ ಕೂತೆ.

"ಇದ್ರಾಗೆ ಮೂರ್ ಜನಕ್ಕೆ ಇನ್ನೂ ಚಡ್ಡಿ ಬಿಚ್ಕೊಳಾಕ್ ಬರಲ್ಲ" ಎಂದು ಪಟ್ಟಿಯನ್ನು ನಾಲ್ಕಾಗಿ ಮಡಚಿದರು. "ಆ ಆಶಾ ಒಬ್ಳೇ ಏನ್ ಮಾಡ್ತಿದ್ಲು?"

ನನಗೆ ಆ ಮೂವರು ಯಾರೆಂದು ಗೊತ್ತಿರಲಿಲ್ಲ. ಆರು ಜನರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ಅಷ್ಟರಲ್ಲಿ ಚೈತ್ರಾಳ ಅಮ್ಮ ಓಡುತ್ತಾ ಬಂದಳು, ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದಳು. ನಾರಾಯಣಮ್ಮ ಅಂಗನವಾಡಿಗೆ ಬೀಗ ಹಾಕಿದರು. ಆಮೇಲೆ ಕೈ ಚಾಚಿ ನನ್ನ ಬೀಗದ ಕೈ ಇಸಿದುಕೊಂಡು, ಸೆರಗಿನ ಪಿನ್ನಿಗೆ ಸಿಕ್ಕಿಸಿಕೊಂಡು, ಮನೆ ಕಡೆ ನಡೆದರು. ಅವರು ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಮನೆಗೆ ಹೋಗಿ ಮಂಡಿಗೆ ಮುಲಾಮು ಹಚ್ಚಿ ಮಲಗಿದೆ.

ಮರುದಿನ ಒಂಬತ್ತಕ್ಕೆ ಮುಂಚೆ ನಾನು ಶಾಲೆಗೆ ಹೋದಾಗ ಎಲ್‌ಕೆಜಿ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ನೆಲ ಗುಡಿಸಿತ್ತು. ಮಗು ಕೂತರೆ ತಲೆಗೆ ತಾಕುವಷ್ಟು ಎತ್ತರದಲ್ಲಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಜೆಸಿಬಿ. ಚಕ್ರ ಇನ್ನೂ ಬರೆದಿರಲಿಲ್ಲ.